ಉಳಿತಾಯ ಖಾತೆಯ ವಿಶೇಷ ಸೌಲಭ್ಯಗಳು ಮತ್ತು ಅವುಗಳ ಷರತ್ತುಗಳು: ಖಾತೆದಾರರಿಗೆ ಮಾಹಿತಿ

1. ಪೀಠಿಕೆ

ಪಿಂಚಣಿ, ವಿದ್ಯಾರ್ಥಿವೇತನ, ಸಹಾಯಧನ ಮುಂತಾದ ಸರ್ಕಾರಿ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರಿಗೆ ಬ್ಯಾಂಕ್ ಖಾತೆಯು ಅವಶ್ಯಕವಾಗಿದೆ. ಖಾತೆ ತೆರೆಯುವ ಸಂದರ್ಭದಲ್ಲಿ ಹೆಚ್ಚಿನ ಬಡ್ಡಿ, ಉಚಿತ ಅಪಘಾತ ವಿಮೆ, ಖರೀದಿಯ ಮೇಲೆ ಕ್ಯಾಶ್‌ಬ್ಯಾಕ್, ರಿವಾರ್ಡ್ ಪಾಯಿಂಟುಗಳು, ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿಗೆ ಪ್ರವೇಶ ಮುಂತಾದ ವಿಶೇಷ ಸೌಲಭ್ಯಗಳನ್ನು ಬ್ಯಾಂಕುಗಳು ಪ್ರಕಟಿಸುತ್ತವೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಷರತ್ತುಗಳಿರುತ್ತವೆ ಮತ್ತು ಸದರಿ ಷರತ್ತುಗಳು ಕಾಲಕಾಲಕ್ಕೆ ಬದಲಾಗುತ್ತಿರುತ್ತವೆ.

ಇಂತಹ ಷರತ್ತುಗಳನ್ನು ಪೂರೈಸುವುದು ಲಾಭದಾಯಕವೇ ಎಂಬುದನ್ನು ಖಾತೆದಾರರು ಸ್ವತಃ ಲೆಕ್ಕ ಹಾಕಿ ನಿರ್ಧರಿಸಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ. ಸಾಮಾನ್ಯವಾಗಿ ಅನುಸರಿಸಬಹುದಾದ ನಿಯಮ ಇಷ್ಟು: ಕುಟುಂಬವು ಹೇಗೂ ನಡೆಸುವ ವ್ಯವಹಾರದಿಂದಲೇ ಷರತ್ತು ಪೂರೈಸುವುದಾದರೆ ಸೌಲಭ್ಯವು ಲಾಭಕರ. ಷರತ್ತಿಗಾಗಿಯೇ ಹಣವನ್ನು ಖಾತೆಯಲ್ಲಿ ತಡೆಹಿಡಿಯಬೇಕಾದಲ್ಲಿ ಅಥವಾ ಹೆಚ್ಚುವರಿ ಖರ್ಚು ಮಾಡಬೇಕಾದಲ್ಲಿ ಅದು ಬಹುತೇಕ ನಷ್ಟಕ್ಕೆ ಕಾರಣವಾಗುತ್ತದೆ.

2. ಹಿನ್ನೆಲೆ

ಹಿಂದೆ ಉಳಿತಾಯ ಖಾತೆಯ ಬಡ್ಡಿ ದರವನ್ನು ಭಾರತೀಯ ರಿಸರ್ವ್ ಬ್ಯಾಂಕ್ ನಿಗದಿಪಡಿಸುತ್ತಿತ್ತು. 2003ರಿಂದ ಶೇಕಡ 3.5ರಷ್ಟಿದ್ದ ದರವನ್ನು 2011ರ ಮೇ 3ರಿಂದ ಶೇಕಡ 4ಕ್ಕೆ ಹೆಚ್ಚಿಸಲಾಯಿತು. 2011ರ ಅಕ್ಟೋಬರ್ 25ರಿಂದ ದರ ನಿಗದಿಯ ಅಧಿಕಾರವನ್ನು ಆಯಾ ಬ್ಯಾಂಕುಗಳಿಗೇ ಬಿಡಲಾಯಿತು. 1 ಲಕ್ಷ ರೂಪಾಯಿವರೆಗಿನ ಶಿಲ್ಕಿಗೆ ಒಂದು ಬ್ಯಾಂಕು ಒಂದೇ ಸಮಾನ ದರ ನೀಡಬೇಕು, ಅದಕ್ಕೆ ಮೇಲ್ಪಟ್ಟ ಶಿಲ್ಕಿಗೆ ಬೇರೆ ಬೇರೆ ದರ ನೀಡಬಹುದು ಎಂದು ತಿಳಿಸಲಾಯಿತು. ಬ್ಯಾಂಕುಗಳ ನಡುವಿನ ಪೈಪೋಟಿ ಹೆಚ್ಚಿದ್ದು ಮತ್ತು ಶಿಲ್ಕಿನ ಹಂತಕ್ಕೆ ಅನುಗುಣವಾದ ಸೌಲಭ್ಯಗಳು ಬೆಳೆದದ್ದು ಈ ಬದಲಾವಣೆಯ ನಂತರ.

ಕನಿಷ್ಠ ಶಿಲ್ಕಿನ ಮೊತ್ತವನ್ನು ನಿರ್ಧರಿಸುವುದೂ ಬ್ಯಾಂಕುಗಳ ವಿವೇಚನೆಗೆ ಬಿಟ್ಟದ್ದಾಗಿದೆ. ಆದ್ದರಿಂದ ಬದಲಾವಣೆಗಳು ಎರಡೂ ದಿಕ್ಕಿನಲ್ಲಿ ನಡೆಯುತ್ತವೆ. ಉದಾಹರಣೆಗೆ:

ಅ) ಭಾರತೀಯ ಸ್ಟೇಟ್ ಬ್ಯಾಂಕು ಉಳಿತಾಯ ಖಾತೆಗಳ ಕನಿಷ್ಠ ಶಿಲ್ಕಿನ ಷರತ್ತನ್ನು 2020ರ ಮಾರ್ಚ್‌ನಲ್ಲಿ ಕೈಬಿಟ್ಟಿತು.

ಆ) ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಇದೇ ಕ್ರಮವನ್ನು ಕೈಗೊಂಡಿತು.

ಇ) ಐಸಿಐಸಿಐ ಬ್ಯಾಂಕು 2025ರ ಆಗಸ್ಟ್‌ನಲ್ಲಿ ಮಹಾನಗರ ಹಾಗೂ ನಗರ ಶಾಖೆಗಳ ಹೊಸ ಖಾತೆಗಳಿಗೆ ಸರಾಸರಿ ಮಾಸಿಕ ಶಿಲ್ಕನ್ನು 50,000 ರೂಪಾಯಿಗೆ ಏರಿಸಿ, ಅದೇ ತಿಂಗಳಿನಲ್ಲಿ 15,000 ರೂಪಾಯಿಗೆ ಇಳಿಸಿತು.

ಒಂದು ವರ್ಷದ ಷರತ್ತು ಮರುವರ್ಷವೂ ಹಾಗೆಯೇ ಇರುತ್ತದೆ ಎಂದು ಭಾವಿಸುವಂತಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

3. ಸಾಮಾನ್ಯವಾಗಿ ವಿಧಿಸಲಾಗುವ ಷರತ್ತುಗಳು

(1) ಸರಾಸರಿ ಶಿಲ್ಕು: ತಿಂಗಳಿನ ಅಥವಾ ತ್ರೈಮಾಸಿಕದ ಸರಾಸರಿ ಶಿಲ್ಕು ನಿಗದಿತ ಮೊತ್ತಕ್ಕಿಂತ ಕಡಿಮೆ ಇರಬಾರದು.

(2) ಕಾರ್ಡ್ ಬಳಕೆ: ನಿಗದಿತ ಅವಧಿಯಲ್ಲಿ ಇಂತಿಷ್ಟು ಬಾರಿ ಅಥವಾ ಇಂತಿಷ್ಟು ಮೊತ್ತಕ್ಕೆ ಡೆಬಿಟ್ ಕಾರ್ಡ್ ಬಳಸಿರಬೇಕು.

(3) ವೇತನ ಜಮೆ: ವೇತನ ಖಾತೆಯ ವಿಮೆ ಮತ್ತಿತರ ಸೌಲಭ್ಯಗಳಿಗೆ ಪ್ರತಿ ತಿಂಗಳೂ ವೇತನವು ಅದೇ ಖಾತೆಗೆ ಜಮೆಯಾಗುತ್ತಿರಬೇಕು. ಕೆಲಸ ಬದಲಾದಾಗ ಅಥವಾ ವೇತನ ನಿಂತಾಗ ಸದರಿ ಖಾತೆಯನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಪರಿವರ್ತಿಸಲಾಗುತ್ತದೆ. ಆಗ ಕನಿಷ್ಠ ಶಿಲ್ಕಿನ ಷರತ್ತು ಅನ್ವಯವಾಗಬಹುದು.

(4) ಗರಿಷ್ಠ ಮಿತಿ ಮತ್ತು ಅವಧಿ: ಕ್ಯಾಶ್‌ಬ್ಯಾಕಿಗೆ ಮಾಸಿಕ ಮಿತಿ ಇರುತ್ತದೆ. ಇಂಧನ, ಬಾಡಿಗೆ ಮುಂತಾದ ಕೆಲವು ಪಾವತಿಗಳನ್ನು ಹೊರತುಪಡಿಸಿರಬಹುದು. ರಿವಾರ್ಡ್ ಪಾಯಿಂಟುಗಳು ನಿಗದಿತ ಅವಧಿಯ ನಂತರ ರದ್ದಾಗಬಹುದು.

4. ಸರಾಸರಿ ಮಾಸಿಕ ಶಿಲ್ಕನ್ನು ಲೆಕ್ಕ ಹಾಕುವ ಕ್ರಮ

ತಿಂಗಳಿನ ಪ್ರತಿ ದಿನದ ಅಂತ್ಯದಲ್ಲಿ ಖಾತೆಯಲ್ಲಿರುವ ಶಿಲ್ಕನ್ನು ಕೂಡಿಸಿ, ದಿನಗಳ ಸಂಖ್ಯೆಯಿಂದ ಭಾಗಿಸಿದಾಗ ಸರಾಸರಿ ಮಾಸಿಕ ಶಿಲ್ಕು ದೊರೆಯುತ್ತದೆ. ತಿಂಗಳ ಕೊನೆಯ ದಿನ ನಿಗದಿತ ಮೊತ್ತ ಇದ್ದರೆ ಸಾಕೆಂಬ ತಿಳಿವಳಿಕೆ ಸರಿಯಲ್ಲ.

ಉದಾಹರಣೆ: ನಿಗದಿತ ಸರಾಸರಿ 10,000 ರೂಪಾಯಿ ಎಂದಿಟ್ಟುಕೊಂಡರೆ, 30 ದಿನಗಳ ತಿಂಗಳಿನಲ್ಲಿ ದೈನಂದಿನ ಶಿಲ್ಕುಗಳ ಒಟ್ಟು ಮೊತ್ತ 3,00,000 ಆಗಿರಬೇಕು. ಮೊದಲ 20 ದಿನ ಖಾತೆಯಲ್ಲಿ 3,000 ರೂಪಾಯಿ ಮಾತ್ರ ಇದ್ದಲ್ಲಿ ಆ ಅವಧಿಯ ಮೊತ್ತ 60,000 ಆಗುತ್ತದೆ. ಉಳಿದ 10 ದಿನಗಳಲ್ಲಿ 2,40,000 ಆಗಬೇಕಾದ್ದರಿಂದ ದಿನವೊಂದಕ್ಕೆ 24,000 ರೂಪಾಯಿ ಇರಿಸಬೇಕಾಗುತ್ತದೆ. ಕೊರತೆಯನ್ನು ತಡವಾಗಿ ಗಮನಿಸಿದಷ್ಟೂ ಅದನ್ನು ತುಂಬುವುದು ಕಷ್ಟಕರವಾಗುತ್ತದೆ.

5. ಲಾಭ ನಷ್ಟದ ಲೆಕ್ಕ

ಯಾವುದೇ ಸೌಲಭ್ಯದ ನೈಜ ಬೆಲೆಯನ್ನು ತಿಳಿಯಲು ಈ ಕೆಳಕಂಡ ನಾಲ್ಕು ಅಂಶಗಳನ್ನು ಬರೆದುಕೊಳ್ಳುವುದು ಸೂಕ್ತ:

ಅ) ವರ್ಷದಲ್ಲಿ ವಾಸ್ತವವಾಗಿ ಬಳಸುವ ಸೌಲಭ್ಯಗಳ ಮೌಲ್ಯ. ಬಳಸದೇ ಇರುವ ಸೌಲಭ್ಯದ ಮೌಲ್ಯವನ್ನು ಶೂನ್ಯವೆಂದೇ ಪರಿಗಣಿಸಬೇಕು.
ಆ) ಷರತ್ತಿಗಾಗಿ ಹೆಚ್ಚುವರಿಯಾಗಿ ಇರಿಸಿದ ಹಣವು ಬೇರೆಡೆ ಗಳಿಸಬಹುದಾಗಿದ್ದ ಬಡ್ಡಿ.
ಇ) ಕಾರ್ಡ್ ಶುಲ್ಕ, ಸೇವಾ ಶುಲ್ಕ ಮತ್ತು ಅವುಗಳ ಮೇಲಿನ ಶೇಕಡ 18ರ ಸರಕು ಮತ್ತು ಸೇವಾ ತೆರಿಗೆ.
ಈ) ಒಮ್ಮೆ ಷರತ್ತು ತಪ್ಪಿದಲ್ಲಿ ತೆರಬೇಕಾದ ದಂಡ ಶುಲ್ಕ.

ಉದಾಹರಣೆ 1: ಒಂದು ಖಾತೆಗೆ 25,000 ರೂಪಾಯಿಗಳ ಸರಾಸರಿ ಶಿಲ್ಕು ಅಗತ್ಯವೆಂದು ಭಾವಿಸೋಣ. ಪ್ರತಿಯಾಗಿ 300 ರೂಪಾಯಿಗಳ ವಾರ್ಷಿಕ ಕಾರ್ಡ್ ಶುಲ್ಕ ಮನ್ನಾ ಆಗುತ್ತದೆ ಮತ್ತು ವಿದ್ಯುತ್ ಬಿಲ್ಲಿನ ಪಾವತಿಗೆ ತಿಂಗಳಿಗೆ 25 ರೂಪಾಯಿ ಕ್ಯಾಶ್‌ಬ್ಯಾಕ್ ದೊರೆಯುತ್ತದೆ. ತೆರಿಗೆ ಸೇರಿ ಕಾರ್ಡ್ ಶುಲ್ಕದ ಉಳಿತಾಯ 354 ರೂಪಾಯಿ, ವರ್ಷದ ಕ್ಯಾಶ್‌ಬ್ಯಾಕ್ 300 ರೂಪಾಯಿ, ಒಟ್ಟು ಲಾಭ 654 ರೂಪಾಯಿ.

ಕುಟುಂಬದ ದೈನಂದಿನ ಅಗತ್ಯಕ್ಕೆ ಖಾತೆಯಲ್ಲಿ 5,000 ರೂಪಾಯಿ ಸಾಕಾಗುವುದಾದರೆ, ಉಳಿದ 20,000 ರೂಪಾಯಿ ಷರತ್ತಿಗಾಗಿಯೇ ಇರಿಸಿದ ಹಣವಾಗಿರುತ್ತದೆ. ಉಳಿತಾಯ ಖಾತೆಯ ಬಡ್ಡಿ ಶೇಕಡ 2.5, ನಿಶ್ಚಿತ ಠೇವಣಿಯ ಬಡ್ಡಿ ಶೇಕಡ 6.5 ಎಂದು ಲೆಕ್ಕಕ್ಕೆ ತೆಗೆದುಕೊಂಡಲ್ಲಿ ವರ್ಷಕ್ಕೆ 800 ರೂಪಾಯಿ ಬಡ್ಡಿ ಕೈತಪ್ಪುತ್ತದೆ. ನಿವ್ವಳ ನಷ್ಟ 146 ರೂಪಾಯಿ. ಇದಲ್ಲದೆ ಒಮ್ಮೆ ಸರಾಸರಿಯಲ್ಲಿ 10,000 ರೂಪಾಯಿ ಕೊರತೆಯಾಗಿ, ಅದರ ಮೇಲೆ ಶೇಕಡ 6ರಂತೆ ದಂಡ ಬಿದ್ದಲ್ಲಿ ತೆರಿಗೆ ಸೇರಿ 708 ರೂಪಾಯಿ ಕಡಿತವಾಗುತ್ತದೆ. ಆಗ ನಷ್ಟವು 854 ರೂಪಾಯಿಗೆ ಏರುತ್ತದೆ.

ಮನೆ ಕಟ್ಟುವ ಖರ್ಚಿಗೆಂದೋ, ಆಸ್ಪತ್ರೆಯ ತುರ್ತಿಗೆಂದೋ ಅದೇ 25,000 ರೂಪಾಯಿಯನ್ನು ಹೇಗೂ ಉಳಿತಾಯ ಖಾತೆಯಲ್ಲಿಯೇ ಇರಿಸಿಕೊಳ್ಳುವ ಕುಟುಂಬಕ್ಕೆ ಮೇಲಿನ 654 ರೂಪಾಯಿ ಪೂರ್ಣ ಲಾಭ. ಖಾತೆಯೂ ಷರತ್ತೂ ಒಂದೇ ಆಗಿದ್ದರೂ ಫಲಿತಾಂಶವು ಕುಟುಂಬದಿಂದ ಕುಟುಂಬಕ್ಕೆ ಬೇರೆಯಾಗುತ್ತದೆ.

ಉದಾಹರಣೆ 2: "ಶೇಕಡ 6ರವರೆಗೆ ಬಡ್ಡಿ" ಎಂಬ ಪ್ರಕಟಣೆಯಲ್ಲಿ "ವರೆಗೆ" ಎಂಬ ಪದವನ್ನು ಗಮನಿಸಬೇಕು. 1 ಲಕ್ಷ ರೂಪಾಯಿವರೆಗೆ ಶೇಕಡ 3, ಅದಕ್ಕೆ ಮೇಲ್ಪಟ್ಟ ಭಾಗಕ್ಕೆ ಮಾತ್ರ ಶೇಕಡ 6 ಎಂದಿದ್ದಲ್ಲಿ, 2 ಲಕ್ಷ ರೂಪಾಯಿ ಇರಿಸಿದವರಿಗೆ ವರ್ಷಕ್ಕೆ 3,000 ಮತ್ತು 6,000, ಒಟ್ಟು 9,000 ರೂಪಾಯಿ ದೊರೆಯುತ್ತದೆ. ವಾಸ್ತವ ದರ ಶೇಕಡ 4.5 ಮಾತ್ರ. 1 ಲಕ್ಷದೊಳಗೆ ಇರಿಸಿದವರಿಗೆ ಪ್ರಕಟಿತ ಹೆಚ್ಚಿನ ದರವು ದೊರೆಯುವುದೇ ಇಲ್ಲ.

ಉದಾಹರಣೆ 3: 50 ರೂಪಾಯಿ ಕ್ಯಾಶ್‌ಬ್ಯಾಕ್ ಪಡೆಯಲು ಅಗತ್ಯವಿಲ್ಲದ 1,000 ರೂಪಾಯಿಗಳ ವಸ್ತುವನ್ನು ಖರೀದಿಸಿದಲ್ಲಿ 950 ರೂಪಾಯಿ ವ್ಯರ್ಥವಾಗಿ ಖರ್ಚಾದಂತೆ. ಮನೆಯ ದಿನಸಿ, ಔಷಧಿ, ಬಿಲ್ಲುಗಳಿಗೆ ಹೇಗೂ ಪಾವತಿಸುವ ಹಣಕ್ಕೆ ಕ್ಯಾಶ್‌ಬ್ಯಾಕ್ ದೊರೆತಲ್ಲಿ ಮಾತ್ರ ಅದು ಲಾಭ.

6. ತಪ್ಪದೆ ಪೂರೈಸಬೇಕಾದ ಷರತ್ತುಗಳು

ಮೇಲಿನ ಲೆಕ್ಕದಿಂದ ಎಲ್ಲ ಷರತ್ತುಗಳನ್ನೂ ಕಡೆಗಣಿಸಬಹುದೆಂದು ತಿಳಿಯಬಾರದು. ಅತ್ಯಲ್ಪ ಶ್ರಮದಿಂದ ಪೂರೈಸಬಹುದಾದ, ಆದರೆ ತಪ್ಪಿದಲ್ಲಿ ಕುಟುಂಬಕ್ಕೆ ಭಾರಿ ನಷ್ಟ ಉಂಟುಮಾಡುವ ಷರತ್ತುಗಳೂ ಇವೆ. ಅವುಗಳಲ್ಲಿ ವಿಮೆಗೆ ಸಂಬಂಧಿಸಿದವು ಮುಖ್ಯವಾಗಿವೆ.

(1) ಜನಧನ ಖಾತೆಯ ರುಪೇ ಕಾರ್ಡ್ ಅಪಘಾತ ವಿಮೆ: 2014ರ ಆಗಸ್ಟ್ 28ರಂದು ಆರಂಭವಾದ ಪ್ರಧಾನಮಂತ್ರಿ ಜನಧನ ಯೋಜನೆಯ ಖಾತೆದಾರರಿಗೆ ರುಪೇ ಕಾರ್ಡಿನೊಂದಿಗೆ 1 ಲಕ್ಷ ರೂಪಾಯಿಗಳ ಅಪಘಾತ ವಿಮೆ ನೀಡಲಾಯಿತು. 2018ರ ಆಗಸ್ಟ್ 28ರ ನಂತರ ತೆರೆಯಲಾದ ಖಾತೆಗಳ ಕಾರ್ಡುಗಳಿಗೆ ಈ ಮೊತ್ತವನ್ನು 2 ಲಕ್ಷ ರೂಪಾಯಿಗೆ ಹೆಚ್ಚಿಸಲಾಯಿತು. ವಿಮೆಗಾಗಿ ಖಾತೆದಾರರು ಕಂತು ಪಾವತಿಸಬೇಕಾಗಿಲ್ಲ. ಆದರೆ ಅಪಘಾತದ ದಿನಾಂಕಕ್ಕೆ ಹಿಂದಿನ 90 ದಿನಗಳೊಳಗೆ ಕಾರ್ಡನ್ನು ಬಳಸಿ ಕನಿಷ್ಠ ಒಂದು ಯಶಸ್ವಿ ವ್ಯವಹಾರ ನಡೆಸಿರಬೇಕು. ಯೋಜನೆಯ ಆರಂಭದಲ್ಲಿ ಈ ಅವಧಿ 45 ದಿನಗಳಾಗಿತ್ತು.

ಕಾರ್ಡನ್ನು ಪೆಟ್ಟಿಗೆಯಲ್ಲಿ ಭದ್ರವಾಗಿರಿಸಿ ವರ್ಷಗಟ್ಟಲೆ ಬಳಸದ ಖಾತೆದಾರರು ಅಪಘಾತಕ್ಕೀಡಾದಲ್ಲಿ, ಈ ಒಂದು ಷರತ್ತಿನ ಕಾರಣದಿಂದಲೇ ಅವರ ಕುಟುಂಬದ ಕ್ಲೇಮು ತಿರಸ್ಕೃತವಾಗಬಹುದು. ಹಣ ತೆಗೆಯುವುದು ಕಡ್ಡಾಯವಲ್ಲ. ಶಿಲ್ಕು ವಿಚಾರಣೆಯಂತಹ ಹಣಕಾಸೇತರ ವ್ಯವಹಾರವೂ ಪರಿಗಣನೆಗೆ ಬರುತ್ತದೆ. ಆದುದರಿಂದ ಎರಡು ತಿಂಗಳಿಗೊಮ್ಮೆ ತಮ್ಮ ಬ್ಯಾಂಕಿನ ಎಟಿಎಂ ಅಥವಾ ಬ್ಯಾಂಕ್ ಮಿತ್ರರ ಬಳಿ ಕಾರ್ಡನ್ನು ಬಳಸಿ, ರಸೀದಿಯನ್ನು ಇರಿಸಿಕೊಳ್ಳುವುದು ಉತ್ತಮ. ಕಾರ್ಡಿನ ಅವಧಿ ಮುಗಿದಿದ್ದಲ್ಲಿ ಶಾಖೆಯಲ್ಲಿ ಹೊಸ ಕಾರ್ಡಿಗೆ ಅರ್ಜಿ ಸಲ್ಲಿಸಬೇಕು.

(2) ಖಾತೆಯಿಂದ ಕಂತು ಕಡಿತವಾಗುವ ವಿಮೆಗಳು: ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಯ ವಾರ್ಷಿಕ ಕಂತನ್ನು 2022ರ ಜೂನ್ 1ರಿಂದ 12 ರೂಪಾಯಿಯಿಂದ 20 ರೂಪಾಯಿಗೂ, ಪ್ರಧಾನಮಂತ್ರಿ ಜೀವನ ಜ್ಯೋತಿ ಬೀಮಾ ಯೋಜನೆಯ ಕಂತನ್ನು 330 ರೂಪಾಯಿಯಿಂದ 436 ರೂಪಾಯಿಗೂ ಹೆಚ್ಚಿಸಲಾಯಿತು. ಮೊದಲನೆಯದರಲ್ಲಿ ಅಪಘಾತದ ಸಾವಿಗೆ, ಎರಡನೆಯದರಲ್ಲಿ ಯಾವುದೇ ಕಾರಣದ ಸಾವಿಗೆ 2 ಲಕ್ಷ ರೂಪಾಯಿ ದೊರೆಯುತ್ತದೆ. ವಿಮಾ ವರ್ಷವು ಜೂನ್ 1ರಿಂದ ಮೇ 31ರವರೆಗೆ ಇರುತ್ತದೆ. ಕಂತು ಕಡಿತವಾಗುವ ಸಮಯದಲ್ಲಿ ಖಾತೆಯಲ್ಲಿ ಹಣವಿಲ್ಲದಿದ್ದರೆ ರಕ್ಷಣೆ ನವೀಕರಣಗೊಳ್ಳುವುದಿಲ್ಲ. ಎರಡೂ ಯೋಜನೆಗಳಿಗೆ ಸೇರಿದವರು ಮೇ ತಿಂಗಳಿನಲ್ಲಿ ಕನಿಷ್ಠ 456 ರೂಪಾಯಿ ಖಾತೆಯಲ್ಲಿರುವಂತೆ ನೋಡಿಕೊಂಡು, ಕಂತು ಕಡಿತವಾಗಿರುವುದನ್ನು ಪಾಸ್ ಪುಸ್ತಕದಲ್ಲಿ ಖಚಿತಪಡಿಸಿಕೊಳ್ಳಬೇಕು. ಬೇರೆ ಬೇರೆ ಬ್ಯಾಂಕುಗಳಲ್ಲಿ ಒಂದೇ ಯೋಜನೆಗೆ ಎರಡು ಬಾರಿ ಕಂತು ಪಾವತಿಸಿದರೂ ವಿಮಾ ಮೊತ್ತವು 2 ಲಕ್ಷಕ್ಕೇ ಸೀಮಿತವಾಗಿರುತ್ತದೆ.

(3) ಮೇಲ್ಕಂಡ ಎಲ್ಲ ಸಂದರ್ಭಗಳಲ್ಲಿ ನಾಮನಿರ್ದೇಶನ ಮಾಡಿರುವುದು ಹಾಗೂ ವಿಮೆ ಇರುವ ವಿಷಯವನ್ನು ನಾಮನಿರ್ದೇಶಿತರಿಗೆ ತಿಳಿಸಿರುವುದು ಅತ್ಯವಶ್ಯಕ. ಕುಟುಂಬಕ್ಕೆ ತಿಳಿಯದ ವಿಮೆಯನ್ನು ಯಾರೂ ಕೇಳಿ ಪಡೆಯಲಾರರು.

7. ಸರ್ಕಾರಿ ಸಹಾಯಧನ ಪಡೆಯುವವರ ಗಮನಕ್ಕೆ

(1) ಕನಿಷ್ಠ ಶಿಲ್ಕಿಲ್ಲದ ಮೂಲ ಉಳಿತಾಯ ಖಾತೆಯನ್ನು ಎಲ್ಲ ಬ್ಯಾಂಕುಗಳಲ್ಲೂ ತೆರೆಯಬಹುದು. ಜನಧನ ಖಾತೆಗಳೂ ಇದೇ ವರ್ಗಕ್ಕೆ ಸೇರಿವೆ. ಇದರಲ್ಲಿ ಹಣ ಜಮೆ, ತಿಂಗಳಿಗೆ ಕನಿಷ್ಠ ನಾಲ್ಕು ಬಾರಿ ಹಣ ಹಿಂಪಡೆಯುವಿಕೆ ಮತ್ತು ಎಟಿಎಂ ಕಾರ್ಡ್ ಉಚಿತವಾಗಿರುತ್ತವೆ. ಈ ಖಾತೆ ಹೊಂದಿರುವವರು ಅದೇ ಬ್ಯಾಂಕಿನಲ್ಲಿ ಮತ್ತೊಂದು ಉಳಿತಾಯ ಖಾತೆ ಹೊಂದುವಂತಿಲ್ಲ. ಬಹುಮಾನಗಳ ಆಕರ್ಷಣೆಯಿಂದ ಇದನ್ನು ವಿಶೇಷ ಖಾತೆಯಾಗಿ ಪರಿವರ್ತಿಸಲು ಸಹಿ ಹಾಕಿದಲ್ಲಿ ಕನಿಷ್ಠ ಶಿಲ್ಕಿನಿಂದ ದೊರೆತಿದ್ದ ರಕ್ಷಣೆ ಇಲ್ಲವಾಗುತ್ತದೆ.

(2) ಆಧಾರ್ ಆಧಾರಿತ ನೇರ ನಗದು ವರ್ಗಾವಣೆಯ ಹಣವು, ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ ದಾಖಲೆಯಲ್ಲಿ ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿನ ಖಾತೆಗೆ ಜಮೆಯಾಗುತ್ತದೆ. ಹೊಸ ಖಾತೆ ತೆರೆಯುವಾಗ ಜೋಡಣೆಗೆ ಒಪ್ಪಿಗೆ ನೀಡಿದಲ್ಲಿ ಸಹಾಯಧನವು ಹಳೆಯ ಖಾತೆಯ ಬದಲು ಹೊಸ ಖಾತೆಗೆ ಹೋಗುತ್ತದೆ. ಹೊಸ ಖಾತೆಗೆ ಕನಿಷ್ಠ ಶಿಲ್ಕಿನ ಷರತ್ತು ಇದ್ದಲ್ಲಿ, ಮನೆಖರ್ಚಿಗೆ ಬಂದ ಹಣದಿಂದಲೇ ದಂಡ ಶುಲ್ಕ ಕಡಿತವಾಗುವ ಸಂಭವವಿದೆ. 2023ರ ಆಗಸ್ಟ್ 30ರಂದು ಕರ್ನಾಟಕದಲ್ಲಿ ಆರಂಭವಾದ, ಮನೆಯ ಯಜಮಾನಿಗೆ ಮಾಸಿಕ 2,000 ರೂಪಾಯಿ ನೀಡುವ ಗೃಹಲಕ್ಷ್ಮಿ ಯೋಜನೆಯ ಮೊತ್ತದಿಂದ ಒಮ್ಮೆ 708 ರೂಪಾಯಿ ಕಡಿತವಾದರೆ ಆ ತಿಂಗಳ ಸಹಾಯಧನದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕೈಬಿಟ್ಟಂತಾಗುತ್ತದೆ. ಆದ್ದರಿಂದ ಅರ್ಜಿ ನಮೂನೆಯಲ್ಲಿನ ಆಧಾರ್ ಜೋಡಣೆಯ ಒಪ್ಪಿಗೆಯನ್ನು ಓದಿದ ನಂತರವೇ ಸಹಿ ಮಾಡಬೇಕು.

8. ಖಾತೆದಾರರ ಹಕ್ಕುಗಳು

ಭಾರತೀಯ ರಿಸರ್ವ್ ಬ್ಯಾಂಕಿನ ಸೂಚನೆಗಳ ಪ್ರಕಾರ:

ಅ) ಕನಿಷ್ಠ ಶಿಲ್ಕಿನ ಷರತ್ತು ಮತ್ತು ಶುಲ್ಕವನ್ನು ಖಾತೆ ತೆರೆಯುವಾಗಲೇ ತಿಳಿಸಬೇಕು. ನಂತರದ ಶುಲ್ಕ ಬದಲಾವಣೆಯನ್ನು ಒಂದು ತಿಂಗಳು ಮುಂಚಿತವಾಗಿ ತಿಳಿಸಬೇಕು.

ಆ) 2015ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಶಿಲ್ಕು ಕಡಿಮೆಯಾದಾಗ ಎಸ್‌ಎಂಎಸ್, ಇ-ಮೇಲ್ ಅಥವಾ ಪತ್ರದ ಮೂಲಕ ತಿಳಿಸಿ, ಅದನ್ನು ಸರಿಪಡಿಸಲು ಕನಿಷ್ಠ ಒಂದು ತಿಂಗಳ ಕಾಲಾವಕಾಶ ನೀಡಿದ ನಂತರವೇ ದಂಡ ವಿಧಿಸಬೇಕು.

ಇ) ದಂಡವು ಕೊರತೆಯಾದ ಮೊತ್ತಕ್ಕೆ ಅನುಗುಣವಾಗಿ ಇರಬೇಕು. ದಂಡದ ಕಾರಣದಿಂದಲೇ ಖಾತೆಯ ಶಿಲ್ಕು ಶೂನ್ಯಕ್ಕಿಂತ ಕೆಳಗೆ ಹೋಗುವಂತಿಲ್ಲ.

ಈ) ಎರಡು ವರ್ಷಗಳಿಗೂ ಹೆಚ್ಚು ಕಾಲ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಕನಿಷ್ಠ ಶಿಲ್ಕಿನ ದಂಡ ವಿಧಿಸುವಂತಿಲ್ಲ.

ಎಸ್‌ಎಂಎಸ್ ಸೂಚನೆಗಳು ತಲುಪಬೇಕಾದರೆ ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆಯು ಚಾಲ್ತಿಯಲ್ಲಿರಬೇಕು. ಸಂಖ್ಯೆ ಬದಲಾದ ಕೂಡಲೇ ಶಾಖೆಗೆ ತಿಳಿಸಬೇಕು.

9. ದೂರು ಸಲ್ಲಿಸುವ ವಿಧಾನ

(1) ಮೊದಲಿಗೆ ಸಂಬಂಧಪಟ್ಟ ಬ್ಯಾಂಕಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. ಪಾಸ್ ಪುಸ್ತಕದ ಪ್ರತಿ, ಖಾತೆ ತೆರೆದಾಗ ನೀಡಿದ ಷರತ್ತುಗಳ ಪ್ರತಿ, ಬಂದಿರುವ ಎಸ್‌ಎಂಎಸ್‌ಗಳ ವಿವರಗಳನ್ನು ಲಗತ್ತಿಸಬೇಕು.

(2) 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರವು ಸಮಾಧಾನಕರವಾಗಿಲ್ಲದಿದ್ದಲ್ಲಿ, ರಿಸರ್ವ್ ಬ್ಯಾಂಕಿನ ಸಮಗ್ರ ಒಂಬುಡ್ಸ್‌ಮನ್ ವ್ಯವಸ್ಥೆಗೆ ವಿಳಂಬವಿಲ್ಲದೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಮಾಹಿತಿಗಾಗಿ ರಿಸರ್ವ್ ಬ್ಯಾಂಕಿನ ಸಂಪರ್ಕ ಕೇಂದ್ರದ ದೂರವಾಣಿ ಸಂಖ್ಯೆ 14448ಕ್ಕೆ ಕರೆ ಮಾಡಬಹುದು.

(3) ಸೂಚನೆ ನೀಡದೆ ಶುಲ್ಕ ಕಡಿತ ಮಾಡಿರುವುದು, ಷರತ್ತು ಪೂರೈಸಿದ್ದರೂ ಸೌಲಭ್ಯ ನಿರಾಕರಿಸಿರುವುದು ದೂರಿಗೆ ಅರ್ಹವಾದ ವಿಷಯಗಳು. ಒಂದು ಬಹುಮಾನ ಯೋಜನೆಯನ್ನು ಮುಂದುವರಿಸಬೇಕೇ ಬೇಡವೇ ಎಂಬುದು ಬ್ಯಾಂಕಿನ ವಾಣಿಜ್ಯ ತೀರ್ಮಾನವಾಗಿದ್ದು, ಅಂತಹ ತೀರ್ಮಾನದ ವಿರುದ್ಧದ ದೂರನ್ನು ಪರಿಗಣಿಸಲಾಗುವುದಿಲ್ಲ. ಮುಂದೆಯೂ ದೊರೆಯಬಹುದೆಂಬ ಬಹುಮಾನವನ್ನು ನಂಬಿ ಇಂದೇ ಹಣ ತೊಡಗಿಸಬಾರದೆಂಬುದಕ್ಕೆ ಇದೂ ಒಂದು ಕಾರಣ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೆಚ್ಚಿನ ಬಡ್ಡಿ ನೀಡುವ ಸಣ್ಣ ಬ್ಯಾಂಕಿನಲ್ಲಿ ಹಣ ಇರಿಸಬಹುದೇ?
ಉತ್ತರ: ಠೇವಣಿ ವಿಮೆಯ ವ್ಯಾಪ್ತಿಯಲ್ಲಿರುವ ಬ್ಯಾಂಕೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. 2020ರ ಫೆಬ್ರವರಿ 4ರಿಂದ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಮತ್ತು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಅದಕ್ಕೂ ಹಿಂದೆ ಇದು 1 ಲಕ್ಷ ರೂಪಾಯಿ ಇತ್ತು.

ಪ್ರಶ್ನೆ: ಉಳಿತಾಯ ಖಾತೆಯ ಬಡ್ಡಿಗೆ ಆದಾಯ ತೆರಿಗೆ ಇದೆಯೇ?
ಉತ್ತರ: ಇದೆ. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಉಳಿತಾಯ ಖಾತೆಯ ಬಡ್ಡಿಯಲ್ಲಿ 10,000 ರೂಪಾಯಿವರೆಗೆ, ಹಿರಿಯ ನಾಗರಿಕರಿಗೆ ಠೇವಣಿಗಳ ಬಡ್ಡಿಯೂ ಸೇರಿ 50,000 ರೂಪಾಯಿವರೆಗೆ ಕಡಿತ ದೊರೆಯುತ್ತದೆ. ಹೊಸ ಪದ್ಧತಿಯಲ್ಲಿ ಈ ಕಡಿತವಿಲ್ಲ.

ಪ್ರಶ್ನೆ: ಬಹುಮಾನಕ್ಕಾಗಿ ಹಲವು ಬ್ಯಾಂಕುಗಳಲ್ಲಿ ಖಾತೆ ತೆರೆಯುವುದು ಸೂಕ್ತವೇ?
ಉತ್ತರ: ಕಾನೂನಿನ ಅಡ್ಡಿಯಿಲ್ಲ. ಆದರೆ ಪ್ರತಿ ಖಾತೆಗೂ ಪ್ರತ್ಯೇಕ ಶಿಲ್ಕು, ಶುಲ್ಕ ಮತ್ತು ಷರತ್ತುಗಳನ್ನು ಗಮನಿಸಬೇಕಾಗುತ್ತದೆ. ಬಳಸದ ಖಾತೆಯನ್ನು ಹಾಗೆಯೇ ಬಿಡುವ ಬದಲು ಅರ್ಜಿ ಸಲ್ಲಿಸಿ ಮುಕ್ತಾಯಗೊಳಿಸುವುದು ಒಳಿತು.

11. ವರ್ಷಕ್ಕೊಮ್ಮೆ ಪರಿಶೀಲಿಸಬೇಕಾದ ಅಂಶಗಳು

ಅ) ಖಾತೆಯ ಕನಿಷ್ಠ ಶಿಲ್ಕು ಮತ್ತು ಶುಲ್ಕಗಳ ಚಾಲ್ತಿ ಪಟ್ಟಿಯನ್ನು ಶಾಖೆಯಿಂದ ಪಡೆಯುವುದು.
ಆ) ಹಿಂದಿನ 12 ತಿಂಗಳಲ್ಲಿ ಕಡಿತವಾದ ಎಲ್ಲ ಶುಲ್ಕಗಳನ್ನು ಪಾಸ್ ಪುಸ್ತಕದಿಂದ ಕೂಡಿಸುವುದು.
ಇ) ಅದೇ ಅವಧಿಯಲ್ಲಿ ವಾಸ್ತವವಾಗಿ ಪಡೆದ ಬಹುಮಾನಗಳ ಮೊತ್ತವನ್ನು ಅದರ ಎದುರು ಬರೆಯುವುದು.
ಈ) ಶುಲ್ಕವು ಹೆಚ್ಚಾಗಿದ್ದಲ್ಲಿ ಕನಿಷ್ಠ ಶಿಲ್ಕಿಲ್ಲದ ಖಾತೆಗೆ ಬದಲಾಯಿಸಲು ಅರ್ಜಿ ಸಲ್ಲಿಸುವುದು.
ಉ) ರುಪೇ ಕಾರ್ಡ್ ಬಳಕೆ, ವಿಮಾ ಕಂತಿನ ಕಡಿತ ಮತ್ತು ನಾಮನಿರ್ದೇಶನವನ್ನು ಖಚಿತಪಡಿಸಿಕೊಳ್ಳುವುದು.

ಸೂಚನೆ: ಉದಾಹರಣೆಗಳಲ್ಲಿ ಬಳಸಿರುವ ಬಡ್ಡಿ ಮತ್ತು ಶುಲ್ಕದ ದರಗಳು ಲೆಕ್ಕದ ಕ್ರಮವನ್ನು ವಿವರಿಸಲು ಮಾತ್ರ. ಖಾತೆದಾರರು ತಮ್ಮ ಬ್ಯಾಂಕಿನ ಚಾಲ್ತಿ ದರಗಳನ್ನು ಶಾಖೆಯಲ್ಲಿ ವಿಚಾರಿಸಿ, ಅವುಗಳ ಆಧಾರದ ಮೇಲೆ ತೀರ್ಮಾನ ಕೈಗೊಳ್ಳತಕ್ಕದ್ದು.